ಗಾಜಿನ ಕಪಾಟಿನ ದುರುಗವ್ವ

ಮಾಗಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಐತವಾರ, ಹೊತ್ತು ಏರಿತ್ತು. ಪಟ್ಟಣದಂಚಿನ ಉಪ್ಪಲ್ ಆಚೆ ದೊಡ್ಡ ಕಟ್ಟಡಕ್ಕೆ ಪಾಯ ತೋಡುವ ಕೂಲಿಯ ಗದಿಗೆಮ್ಮ ತಗಡಿನ ಜೋಪಡಿಯಿಂದ ಹೊರಬಿದ್ದು, ತಂಬಿಗೆ ನೀರು ಹಿಡಿದು ಬೇವಿನ ಗಿಡದ ಕಡೆ ನಡೆದಳು. ಗಿಡದ ಬುಡದಲ್ಲಿ ದುರುಗವ್ವ ಇರಲಿಲ್ಲ.

ದುರುಗವ್ವ ಅಂದರೆ ಅಂಗೈಯುದ್ದದ ಕರಿಕಲ್ಲು. ಒಂದು ತುದಿ ಕೊಡಲಿ ಬಾಯಿಯಂತೆ ಚೂಪು, ಮೈಯೆಲ್ಲ ನುಣುಪು. ಇಂಥ ಕಲ್ಲು ಮಣ್ಣಲ್ಲಿ ಸಿಕ್ಕರೆ ಸಿಡಿಲಿನ ಜೊತೆ ಬಿದ್ದದ್ದೆಂದು ಗದಿಗೆಮ್ಮನ ಕಡೆಯವರು ಗಿಡದ ಬುಡಕ್ಕಿಟ್ಟು ಅರಿಶಿನ ಹಚ್ಚುತ್ತಾರೆ. ಹೋದ ಮಳೆಗಾಲ ಮಣ್ಣು ಕುಸಿದು ಅವಳ ಮಗ ಹುಲಗೇಶ ಕುತ್ತಿಗೆತನಕ ಹೂತುಹೋಗಿದ್ದ. ಅವನನ್ನು ಅಗೆದು ತೆಗೆದಾಗ ಕಾಲಬುಡದಲ್ಲಿ ಸಿಕ್ಕಿದ್ದು ಈ ಕಲ್ಲು. ಅಂದಿನಿಂದ ದುರುಗವ್ವನಿಗೆ ನೀರು ಹಾಕದೆ ಮಗನನ್ನು ಪಾಯದ ಕುಣಿಗೆ ಇಳಿಸಿದವಳಲ್ಲ.

"ಹೊತ್ತು ಮೂಡೂದಕ್ಕ ಟೊಪ್ಪಿಗಿ ಸಾಹೇಬ ಬಂದಿದ್ದ ನೋಡಬೇ," ಅಂದ ಕಾವಲುಗಾರ ಸಾಬಣ್ಣ. "ಮೊಣಕಾಲೂರಿ ಕುಂತು, ಕಲ್ಲಿಗೆ ಮುತ್ತು ಕೊಟ್ಟು, ಚೀಲದಾಗ ಇಟ್ಕೊಂಡು ಹೋದ."

"ನೀ ಸುಮ್ನ ನೋಡ್ಕೋತ ನಿಂತ್ಯಾ?"

"ಭಕ್ತ ಅಂತ ತಿಳಿದೆ ನಾ!"

ಹುಲಗೇಶ ನಕ್ಕು, "ಇವತ್ತು ನಾಳಿ ರಜಾ, ನಾಡ್ದು ಮಂಗಳವಾರ ಕೆಲಸ ಐತಿ. ನಾ ಹಂಗ ಇಳೀತೀನಿ ಬಿಡವ್ವ," ಅಂದ.

"ಇಳಿ ನೋಡೂಣು. ಕಾಲು ಮುರೀತೀನಿ."

ಟೊಪ್ಪಿಗೆ ಸಾಹೇಬನ ಹೆಸರು ಶಿವಪ್ರಕಾಶ. ವಾರವೆಲ್ಲ ಜೀಡಿಮೆಟ್ಲಾದಲ್ಲಿ ಗುಳಿಗೆ ಮಾಡುವ ಕಾರ್ಖಾನೆಯ ಸಾಹೇಬ, ಐತವಾರ ಪುರಾತನ ವಸ್ತುಗಳ ಶೋಧಕ. ಕೊರಳಲ್ಲಿ ಭೂತಗನ್ನಡಿ, ಮೈಮೇಲೆ ಜೇಬೇ ಜೇಬಿನ ಅಂಗಿ. ಒಮ್ಮೆ ಮನೆ ಕೀಲಿ ಕಾಣದೆ ಮಧ್ಯಾಹ್ನದ ತನಕ ತನ್ನ ಅಂಗಿಯಲ್ಲೇ ಉತ್ಖನನ ಮಾಡಿದ್ದ. ಹಳೆಯದೇನು ಸಿಕ್ಕರೂ ತಂದುಕೊಡಿ ಅಂತ ಕೂಲಿಯವರಿಗೆಲ್ಲ ಮನೆ ಗುರುತು ಹೇಳಿಟ್ಟಿದ್ದರಿಂದ, ಆ ಮನೆ ಹುಡುಕಲು ಗದಿಗೆಮ್ಮನಿಗೆ ಕಷ್ಟವಾಗಲಿಲ್ಲ.

ದುರುಗವ್ವ ಗಾಜಿನ ಕಪಾಟಿನಲ್ಲಿದ್ದಳು. ಅರಿಶಿನವೆಲ್ಲ ತೊಳೆದುಹೋಗಿ ಬೋಳು ಬೋಳು. ಕೆಳಗೊಂದು ಚೀಟಿ. ಶಿವಪ್ರಕಾಶ ತಾನೇ ಓದಿ ಹೇಳಿದ: "ಶಿಲಾಯುಗದ ಕೊಡಲಿ. ಶೋಧಕ, ಶಿವಪ್ರಕಾಶ."

"ನಮ್ಮ ದುರುಗವ್ವರಿ ಅಕಿ. ಕಳದುಹೋಗಿದ್ಲೇನ್ರಿ ಹುಡುಕಾಕ? ಮೈತುಂಬ ಅರಿಶಿನ ಇತ್ತಲ್ಲ!"

"ಅದಕ್ಕ ದೂರಿಂದನ ನನ್ನ ಕಣ್ಣಿಗೆ ಬಿತ್ತು," ಅಂದ ಹೆಮ್ಮೆಯಿಂದ. "ಗಿಡದ ಬುಡಕ್ಕ ಬಿಟ್ರ ಯಾರರ ಕದ್ದೊಯ್ತಾರಬೇ. ಬರೂ ಐತವಾರ ನಮ್ಮ ಶೋಧಕರ ಸಂಘದವರು ನೋಡಾಕ ಬರಾಕತ್ತಾರ."

ಅಷ್ಟರಲ್ಲಿ ಅವನ ಹೆಂಡತಿ ಉಮಾಬಾಯಿ ನೀರು ತಂದಳು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಗದಿಗೆಮ್ಮ ಅದನ್ನು ನೋಡಿದಳು. ನೀರು ಕುಡಿದು ಕಪಾಟಿಗೆ ಅಡ್ಡಬಿದ್ದಳು.

"ಆತು ಬಿಡ್ರಿ. ಅಕಿಗೆ ಇಲ್ಲೇ ಛಲೋ ಅನಿಸಿದ್ರ ನಾವ್ಯಾರು? ಮಂಗಳವಾರ ಅಮಾಸಿ. ಅಕಿ ಊಟ ಇಲ್ಲಿಗೇ ತರತೀವಿ. ಕಪಾಟಿನ ಬಾಗಿಲಾ ತೆಗೆದಿಡ್ರಿ ಅಕ್ಕಾರ, ಹುಂಜದ ರಕ್ತ ಮೈಮ್ಯಾಲೆ ಬೀಳಬೇಕು."

ಉಮಾಬಾಯಿ ಕೊರಳ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಕೋಳಿ ತಿನ್ನೂ ದೇವರೇನಬೇ ಇದು?"

"ಅಮಾಸಿಗೊಮ್ಮೆ ಅಷ್ಟ ರಿ."

ಉಮಾಬಾಯಿ ಗಂಡನ ಕಡೆ ತಿರುಗಿದಳು. "ಮುಂಜಾನೆ ಇದನ್ನ ಯಾವ ಬ್ರಷ್ಷಿಲೆ ತಿಕ್ಕಿದ್ರಿ?"

ಶಿವಪ್ರಕಾಶ ಗೋಡೆ ನೋಡಿದ. "ಬಚ್ಚಲದಾಗ ಇತ್ತಲ್ಲ, ಕೆಂಪಂದು... ಹಳೇದು ಅಂತ ತಿಳಿದೆ."

ಅದು ಉಮಾಬಾಯಿ ಹಲ್ಲುಜ್ಜುವ ಬ್ರಷ್ಷು. ಗಂಡ ಕಲ್ಲು ತಿಕ್ಕಿಟ್ಟ ಮೇಲೆ ಅಂದು ಮುಂಜಾನೆಯೂ ಅದರಲ್ಲೇ ಉಜ್ಜಿದ್ದಳು.

ಆಮೇಲೆ ಆ ಮನೆಯಲ್ಲಿ ಶಿಲಾಯುಗದ ಮಾತು ನಡೆಯಲಿಲ್ಲ. "ಈಗಿಂದೀಗ ಒಯ್ಯಬೇ ತಾಯಿ," ಅಂತ ಉಮಾಬಾಯಿ ಅಂಗಲಾಚಿದಳು.

"ನಾ ಮುಟ್ಟಂಗಿಲ್ಲರಿ. ಎತ್ತಿ ಒಯ್ದವರೇ ಅಮಾಸಿ ಮುಂಜಾನೆ ಬರಿಗಾಲಿಲೆ ತಲಿಮ್ಯಾಲೆ ಹೊತ್ತು ತರಬೇಕು," ಅಂದಳು ಗದಿಗೆಮ್ಮ. ಆ ಪದ್ಧತಿ ಅವಳ ಊರಲ್ಲಿತ್ತೋ, ನಿಂತಲ್ಲೇ ಹುಟ್ಟಿತೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಶಿವಪ್ರಕಾಶ ಟೊಪ್ಪಿಗೆ ತೆಗೆದಿಟ್ಟು, ತಲೆಯ ಮೇಲೆ ಮೊರ, ಮೊರದಲ್ಲಿ ದುರುಗವ್ವನನ್ನು ಹೊತ್ತು ಹೊರಟ. ಸಾಬಣ್ಣ ತಗಡಿನ ಡಬ್ಬಿ ಬಾರಿಸುತ್ತ ಮುಂದೆ. ಮೆಟ್ರೊ ಇಳಿದವರು ನಿಂತು ಫೋನಿನಲ್ಲಿ ಹಿಡಿದುಕೊಂಡರು. ಬೇವಿನ ಬುಡದಲ್ಲಿ ಗದಿಗೆಮ್ಮ ಅರಿಶಿನ ಹಚ್ಚಿ ನೀರು ಹಾಕಿದ ಮೇಲೇ ಹುಲಗೇಶ ಕುಣಿಗಿಳಿದ. ಸಂಜೆ ಮೇಲೆ ಬಂದ, ಮೈತುಂಬ ಮಣ್ಣು, ಬಾಯಿತುಂಬ ಹಸಿವು. ಹುಂಜದ ಸಾರು ಕಾದಿತ್ತು.

ಆ ವಾರದಲ್ಲೇ ಅವರ ಪಾಲಿನ ಅಗೆತ ಮುಗಿಯಿತು. ಗದಿಗೆಮ್ಮ ದುರುಗವ್ವನನ್ನು ಉಡಿಯಲ್ಲಿ ಕಟ್ಟಿಕೊಂಡು, ಮಗನ ಜೊತೆ ಹೊಸ ಕೆಲಸಕ್ಕೆ ಪಟಾನ್‌ಚೆರು ಬಸ್ಸು ಹತ್ತಿದಳು. ಸೋಮವಾರ ಹೋದರಾಯಿತು ಅಂತ ಮೇಸ್ತ್ರಿ ಹೇಳಿದರೂ ಕೇಳಲಿಲ್ಲ. ಹೊರಟದ್ದು ಶನಿವಾರ. ಮರುದಿನ ಐತವಾರ ಇತ್ತಲ್ಲ.