ನೆಲ ಮುಟ್ಟದ ಪಾದ

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ, ಗಂಜಿ ಅರೆಬರೆ ಸುಟ್ಟಂತೆ, ತುಸು ಸಿಹಿ, ಮೂಗಿನಲ್ಲಲ್ಲ, ನಾಲಿಗೆಯ ಹಿಂದೆ ಎಲ್ಲೋ, ಅರವತ್ತೆರಡು ವರ್ಷದ ಮೇಲೆ ಇಲ್ಲಿಗೆ ಹೇಗೆ ಬಂತು, ಇಲ್ಲಿ ಇಸ್ತ್ರಿಯೂ ಇಲ್ಲ ಗಂಜಿಯೂ ಇಲ್ಲ, ಬಿಳಿ ಚಾವಣಿ, ಅದರಲ್ಲಿ ಒಂದು ಹಲಗೆ ಮಾತ್ರ ಉಳಿದವಕ್ಕಿಂತ ಹಳದಿ, ಕೆಳಗೆ ನಾನು, ನನ್ನ ಎಡಗಾಲಿನ ಒಳಗೆ ಕಡ್ಡಿಯಷ್ಟು ಸಣ್ಣ ತಂತಿ — ಸುಟ್ಟ ವಾಸನೆ ಬಂದ್ರೆ ಗಾಬರಿ ಆಗ್ಬೇಡಿ, ಕೆಲವರಿಗೆ ಬರುತ್ತೆ, ಕೆಟ್ಟ ರಕ್ತನಾಳ ಬಿಸಿಗೆ ಒಳಗಿಂದ ಮುಚ್ಕೊಳ್ತಿದೆ ಅಷ್ಟೆ, ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕುಯ್ಯುವುದಿಲ್ಲ, ಹೊಲಿಯುವುದಿಲ್ಲ, ಮಧ್ಯಾಹ್ನ ನಡ್ಕೊಂಡೇ ಮನೆಗೆ ಹೋಗಿ. ನೋವಿಲ್ಲ, ತಣ್ಣನೆಯ ನೀರು ತುಂಬಿದ ಸೂಜಿಗಳು ತೊಡೆಯುದ್ದಕ್ಕೂ ಇಳಿದ ಮೇಲೆ ಕಾಲು ನನ್ನದೇ ಅಲ್ಲ, ಯಾರೋ ಮರೆತು ಬಿಟ್ಟುಹೋದ ಚೀಲದಂತೆ ಪಕ್ಕದಲ್ಲಿ ಬಿದ್ದಿದೆ. ನರ್ಸಮ್ಮ ಜೆಲ್ಲಿನ ಸೀಸೆಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಹಚ್ಚಿದಳು, ಹಾಗೆ ಮಾಡಬೇಕೆಂದು ಯಾರೂ ಹೇಳಿರಲಾರರು, ಈಗ ನನ್ನ ಭುಜದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಅದನ್ನೂ ಹೇಳಿರಲಾರರು. ನಿಮ್ಮ ರಕ್ತಕ್ಕೆ ಬಹಳ ಹಠ ಕಣಮ್ಮಾ, ಮೇಲೆ ಹೋಗು ಅಂದ್ರೆ ಕೆಳಗೇ ಕೂತ್ಕೊಳ್ಳುತ್ತೆ, ಎಂದರು ಡಾಕ್ಟರು. ಕೂತವಳೇ ನಾನು ಡಾಕ್ಟರೇ, ಮೂವತ್ತನಾಲ್ಕು ವರ್ಷ ಭೂಪಟದ ಕಚೇರಿಯಲ್ಲಿ ಕೂತು ನದಿ ಬರೆದವಳು. ಬೆಳಿಗ್ಗೆ ನನ್ನನ್ನು ನಿಲ್ಲಿಸಿ ಅವರು ಕಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆಯುವಾಗ ಸುಮ್ಮನಿರಲಾಗಲಿಲ್ಲ, ಕೈ ಎತ್ತದೆ ಎಳೀರಿ, ತಿರುವಿನಲ್ಲಿ ಗೆರೆ ಮುರಿಯುತ್ತೆ ಅಂದೆ, ಅವರು ನಕ್ಕು ಮತ್ತೆ ಎಳೆದರು. ಕಚೇರಿಯಲ್ಲಿ ಎಲ್ಲರಿಗೂ ಎತ್ತರದ ಸ್ಟೂಲು, ನನ್ನೊಬ್ಬಳಿಗೆ ತಗ್ಗು ಕುರ್ಚಿ, ಅದಕ್ಕಾಗಿ ಮೇಜಿನ ಕಾಲು ಕುಯ್ಯಿಸಿಕೊಂಡಿದ್ದೆ, ಕುಳ್ಳಮೇಜಿನ ಮೇಡಂ ಎಂದೇ ಹೆಸರು ಬಿತ್ತು, ಯಾಕೆ ಎಂದು ಕೇಳಿದವರಿಗೆ ಸೊಂಟನೋವು ಎಂದೆ. ಎತ್ತರದ ಸ್ಟೂಲಿನಿಂದ ಒಂದು ಕಾಲು ನೇತಾಡುತ್ತಿದೆ, ಪಾದ ನೆಲ ಮುಟ್ಟುತ್ತಿಲ್ಲ — ಬೇಡ, ಈಗ ಬೇಡ, ಆ ಹಳದಿ ಹಲಗೆ ನೋಡು.

ಈ ಗುಳ್ಳೆ ನೋಡಿ ಸಿಸ್ಟರ್, ಕಾಲಿನ ಗಿಣ್ಣಿನ ಹತ್ರ, ಚರ್ಮ ಕಾಗದ ಆಗಿಬಿಟ್ಟಿದೆ, ಒಳ್ಳೆ ಹೊತ್ತಿಗೆ ಬಂದ್ರು, ಇವತ್ತಲ್ಲ ನಾಳೆ ಒಡೀತಿತ್ತು. ಒಡೆದರೆ ಏನು ಮಾಡಬೇಕು ಡಾಕ್ಟರೇ, ಎಂದು ಕೇಳಿದ್ದು ನಾನೇ, ನನ್ನ ಬಾಯಿಂದಲೇ ಬಂತು. ಏನಿಲ್ಲಮ್ಮಾ, ಅಲ್ಲೇ ಮಲಗಿಬಿಡೋದು, ಕಾಲೆತ್ತಿ ಗೋಡೆಗೆ ಒರಗಿಸೋದು, ಒಂದು ಬೆರಳಲ್ಲಿ ಒತ್ತಿ ಹಿಡಿಯೋದು, ಹತ್ತು ನಿಮಿಷದಲ್ಲಿ ನಿಲ್ಲುತ್ತೆ. ಒಂದು ಬೆರಳು. ಮೇಲೆ, ಮೊಣಕಾಲಿನ ಹತ್ತಿರ, ಬಿಗಿಯಾಗಿ ಕಟ್ಟಿದರೆ? ಅದೊಂದು ಮಾತ್ರ ಮಾಡ್ಬಾರ್ದು, ರಕ್ತ ವಾಪಸ್ ಹೋಗೋ ದಾರೀನೇ ಮುಚ್ಚಿದ ಹಾಗಾಗುತ್ತೆ, ಎಲ್ಲಾ ಕೆಳಗೇ ಸುರಿಯುತ್ತೆ, ಕೂತಿದ್ರಂತೂ ಇನ್ನೂ ಜಾಸ್ತಿ, ಪಾಪ, ಎಲ್ರೂ ಮಾಡೋದು ಅದನ್ನೇ. ತಂತಿ ಬೆರಳಗಲ ಜಾರಿತು, ಯಂತ್ರ ಕುಂಯ್ ಎಂದಿತು, ಗಂಜಿಯ ವಾಸನೆ ಬಾಯ್ತುಂಬ, ನಾನು ಶಾಲೆಯಿಂದ ಬಂದು ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದೇನೆ, ಹನ್ನೊಂದು ವರ್ಷ, ಹೆಗಲಲ್ಲಿ ಚೀಲ, ಅಮ್ಮ ಉದ್ದನೆಯ ಮೇಜಿನ ಮುಂದೆ ನಿಂತು ಹೋಟೆಲಿನ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಳೆ, ನಿಂತೇ ಉಣ್ಣುತ್ತಿದ್ದಳು, ನಿಂತೇ ನನ್ನ ಜಡೆ ಹಾಕುತ್ತಿದ್ದಳು, ಉಳಿದವರು ಚಹಾಕ್ಕೆ ಹೋಗಿದ್ದಾರೆ, ಬಂದ್ಯಾ ಮರಿ, ಚೀಲ ಆಚೆ ಇಡು, ಒಗೆದ ಬಟ್ಟೆ ಮುಟ್ಬೇಡ. ಬಟ್ಟೆಬುಟ್ಟಿಯ ತಂತಿಯ ಚೂಪು ಅವಳ ಗಿಣ್ಣಿನ ಹತ್ತಿರ ಉಬ್ಬಿದ್ದ ರಕ್ತನಾಳಕ್ಕೆ ಯಾವಾಗ ತಗುಲಿತೋ ಅವಳಿಗೇ ಗೊತ್ತಿಲ್ಲ, ನೋವಿರಲಿಲ್ಲವಂತೆ, ಬಿಳಿ ಕ್ಯಾನ್ವಾಸ್ ಶೂ ಒಂದೇ ಕೆಂಪಗಿದೆಯಲ್ಲ ಎಂದು ಮೊದಲು ನೋಡಿದ್ದು ನಾನು. ಅಮ್ಮಾ ಕೂತ್ಕೋ. ಎಳೆದು ತಂದದ್ದು ಎತ್ತರದ ಸ್ಟೂಲು, ಅಲ್ಲಿದ್ದದ್ದೇ ಅದೊಂದು. ಶೂ ಬಿಚ್ಚಿದೆ, ಅವಳ ಏಪ್ರನ್ನಿನ ದಾರ ಬಿಚ್ಚಿದೆ, ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ಪಾಠ ಆಗಿತ್ತು, ಗಾಯದ ಮೇಲ್ಭಾಗ ಬಿಗಿಯಿರಿ, ಬಿಗಿದೆ, ಎರಡು ಸುತ್ತು, ಗಂಟು, ಗಂಟಿನ ಮೇಲೆ ಗಂಟು. ಸ್ವಲ್ಪ ಸಡಿಲ ಮಾಡು ಮರಿ. ಇಲ್ಲಮ್ಮ, ಟೀಚರ್ ಹೇಳಿದ್ದಾರೆ. ತಲೆ ಒಂಥರಾ ಆಗ್ತಿದೆ, ಸ್ವಲ್ಪ ಮಲಗ್ತೀನಿ, ಎಂದು ಅವಳು ಇಳಿಯಲು ನೋಡಿದಳು, ಎದುರಿಗೆ ಆಳೆತ್ತರ ಒಗೆದ ಹಾಸುಬಟ್ಟೆಗಳ ರಾಶಿ, ಬೆಳ್ಳಗೆ, ಬೆಚ್ಚಗೆ, ಮಲಗಲೆಂದೇ ಯಾರೋ ಒಟ್ಟಿಟ್ಟ ಹಾಗೆ, ನಾನು ಅವಳ ಎರಡೂ ಭುಜ ಹಿಡಿದು — ಬೇಡಮ್ಮ, ಬಟ್ಟೆ ಕೊಳೆಯಾಗುತ್ತೆ, ಬೈತಾರೆ, ಇಲ್ಲೇ ಕೂತಿರು, ಅಲ್ಲಾಡ್ಬೇಡ, ಯಾರನ್ನಾದ್ರೂ ಕರ್ಕೊಂಡು ಬರ್ತೀನಿ. ಮಾತು ಕೇಳಿದಳು. ಗೋಡೆಗೆ ಒರಗಿ ಹಾಗೇ ಕೂತಿದ್ದಳು, ನಾನು ದೊಡ್ಡವರನ್ನು ಕರೆದುಕೊಂಡು ಬರುವಾಗಲೂ ಕೂತೇ ಇದ್ದಳು, ಉಸಿರಿರಲಿಲ್ಲ, ರಾಶಿಯ ಮೇಲೆ ಒಂದು ಹನಿಯೂ ಸಿಡಿದಿರಲಿಲ್ಲ, ಕಾಲು ನೇತಾಡುತ್ತಿತ್ತು, ಪಾದ ನೆಲ ಮುಟ್ಟಿರಲಿಲ್ಲ, ಹೆಬ್ಬೆರಳಿನ ತುದಿಯಿಂದ ಒಂದೊಂದೇ ಹನಿ.

ಎಷ್ಟು ಬಿಗಿಯಾಗಿ ಕಟ್ಟಿದೆ ನೋಡಿ ಮಗು, ದೊಡ್ಡವರಿಗೂ ತೋಚ್ತಿರ್ಲಿಲ್ಲ, ಎಂದರು, ಗಂಟು ಬಿಚ್ಚಲು ಬರದೆ ಕತ್ತರಿ ತಂದರು, ಯಾರೋ ನನ್ನ ತಲೆ ಸವರಿದರು. ಆ ಗಂಟನ್ನು ನಾನು ಬದುಕಿಡೀ ಹಿಡಿದುಕೊಂಡು ಬಂದೆ. ಅಕ್ಕನಿಗೆ ಆಗ ಹದಿನಾರು, ಬೇರೆ ಊರಿನ ಹಾಸ್ಟೆಲಿನಲ್ಲಿದ್ದಳು, ನಾನು ಇರ್ಲಿಲ್ವಲ್ಲ ಎಂದು ಅತ್ತವಳು ತಾನೇ ಕಣ್ಣೊರೆಸಿಕೊಂಡು, ನೀನಾದ್ರೂ ಇದ್ದೆ, ಮಾಡೋದೆಲ್ಲಾ ಮಾಡ್ದೆ ಎನ್ನುವಳು, ನನ್ನ ಮದುವೆಯ ದಿನವೂ ಅಂದಳು, ಅವಳ ಮೊಮ್ಮಕ್ಕಳಿಗೂ ಹೇಳಿದಳು, ನಿಮ್ಮ ಚಿಕ್ಕಜ್ಜಿ ಎಂಥ ಗಟ್ಟಿಗಿತ್ತಿ ಗೊತ್ತಾ. ನಿನ್ನೆ ಫೋನಿನಲ್ಲಿ, ಹೋಗು, ಕಾಲಿಗೂ ಇಸ್ತ್ರಿ ಹಾಕಿಸ್ಕೊಂಡು ಬಾ ಎಂದು ನಗಿಸಿದಳು, ಅವಳೂ ನಕ್ಕಳು. ಮುಗೀತಮ್ಮಾ, ಎಂದರು ಡಾಕ್ಟರು, ಅಷ್ಟೇ. ನರ್ಸಮ್ಮ ಬಿಗಿಯಾದ ಕಾಲುಚೀಲ ಏರಿಸುತ್ತಾ ತಲೆಯೆತ್ತದೆ ಕೇಳಿದಳು, ಬಿಗಿಯಾಗಿ ಕಟ್ಟಿದರೆ ಅಂತ ಕೇಳಿದ್ರಲ್ಲ, ಕಟ್ಟಿದ್ದು ನೀವಾ? ಹ್ಞೂಂ, ನಮ್ಮಮ್ಮನಿಗೆ. ಆಗ ಎಷ್ಟು ವಯಸ್ಸು ನಿಮಗೆ? ಹನ್ನೊಂದು. ಕಾಲುಚೀಲದ ಸುಕ್ಕು ಬಿಡಿಸಿದಳು, ಇಲ್ಲದ ಸುಕ್ಕನ್ನೂ ಬಿಡಿಸಿದಳು. ನನ್ನ ಮಗಳಿಗೂ ಹನ್ನೊಂದು, ಅವಳ ಶೂ ಲೇಸು ಇನ್ನೂ ನಾನೇ ಕಟ್ಬೇಕು, ಎಂದಳು, ಕೈಹಿಡಿದು ಇಳಿಸಿದಳು. ಇಪ್ಪತ್ತು ನಿಮಿಷ ನಡೀಬೇಕು, ನಿಲ್ಬಾರ್ದು.

ನಡೆಯುತ್ತಿದ್ದೇನೆ, ಕಾರಿಡಾರಿನ ಈ ತುದಿಯಿಂದ ಆ ತುದಿಗೆ, ಕಿಟಕಿ, ಕುಂಡ, ನೀರಿನ ಯಂತ್ರ, ಮತ್ತೆ ಕಿಟಕಿ, ಫೋನು ಬಡಿದುಕೊಳ್ಳುತ್ತಿದೆ, ಅಕ್ಕ. ಎತ್ತಲೋ ಬೇಡವೋ, ಎಪ್ಪತ್ತೆಂಟು ವರ್ಷ ಅವಳಿಗೆ, ಆ ದಿನದಿಂದ ಅವಳಿಗೆ ಉಳಿದಿರುವುದು ನನ್ನ ಗಂಟೊಂದೇ, ಅದನ್ನೂ ಬಿಚ್ಚಿ ಕೈಗೆ ಕೊಡಲೇ. ಇಸ್ತ್ರಿ ಆಯ್ತೇನೇ? ಆಯ್ತಕ್ಕ. ನೋವಾಯ್ತಾ? ಇಲ್ಲ. ಅಮ್ಮನ ಕಾಲಕ್ಕೆ ಇದೆಲ್ಲಾ ಎಲ್ಲಿತ್ತು ಹೇಳು, ಆದ್ರೂ ನೀನು ಕಟ್ಟಿದ್ದೆ ಬಿಡು, ಆ ವಯಸ್ಸಿಗೆ. ಹ್ಞೂಂ ಅಕ್ಕ, ಕಟ್ಟಿದ್ದೆ. ಯಾಕೆ ಧ್ವನಿ ಹಾಗಿದೆ? ನಡೀತಾ ಇದೀನಿ, ಏದುಸಿರು. ಒಂದು ಬೆರಳು ಸಾಕಿತ್ತಂತೆ ಅಕ್ಕ, ಎಂದದ್ದು ಫೋನು ಇಟ್ಟ ಮೇಲೆ, ಕುಂಡದ ಗಿಡಕ್ಕೆ. ಕಿಟಕಿ, ಕುಂಡ, ಮಲಗ್ತೀನಿ ಅಂದಳು, ನೀರಿನ ಯಂತ್ರ, ಬೇಡ ಅಂದೆ, ಮಾತು ಕೇಳಿದಳು. ಸಾಕು ಬನ್ನಿ, ಇಪ್ಪತ್ತು ಯಾವತ್ತೋ ಆಯ್ತು, ನರ್ಸಮ್ಮ ತನ್ನ ಕೋಣೆಯ ಬಾಗಿಲಲ್ಲಿ, ಒಳಗೆ ಒಂದು ತಗ್ಗು ಕುರ್ಚಿ, ಕೂರಿಸಿದಳು, ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದಲೇ ಸರಿಸಿ ತಂದಳು, ಎತ್ತರದ್ದು, ನನ್ನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲಿಟ್ಟಳು. ಗೋಡೆಯ ಮೊಳೆಯಿಂದ ಚೀಲ ಇಳಿಸಿ ತನ್ನ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚ ಒರೆಸಿ, ನನ್ನ ಕೈಗಿಟ್ಟಳು. ಬಿಸಿ ಇನ್ನೂ ಇದೆ. ಸ್ಟೂಲಿನ ಮೇಲೆ ಪಾದ, ನೆಲ ಮುಟ್ಟದ ಪಾದ, ಅದರ ಹೆಬ್ಬೆರಳು ಮೇಲಕ್ಕೆ ನೋಡುತ್ತಿದೆ, ಒಂದು ಹನಿಯೂ ಇಲ್ಲ.