ಎರಡು ಕೋರು, ಹನ್ನೆರಡು ಬೊಂಬೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೂರು ಸಲ ಶುರು ಮಾಡಿ ಮೂರು ಸಲ ಹೊಡೆದುಹಾಕಿದ್ದೇನೆ. ಮೊದಲ ಸಲ, ‘ಅಕ್ಕೂರಿನಲ್ಲಿ ಜ್ಯೋತಿಲಕ್ಷ್ಮಿ ಎಂಬ ಹುಡುಗಿಯಿದ್ದಳು’ ಎಂದು ಬರೆದೆ. ಇದ್ದಳು ಎಂದರೆ ಈಗ ಇಲ್ಲವೇನೋ ಅನ್ನಿಸಿತು. ಎರಡನೇ ಸಲ ಪ್ರೊಸೆಸರಿನಿಂದಲೇ ಶುರು ಮಾಡಿದೆ: ‘ಹೆಬ್ಬೆರಳ ಉಗುರಿನಷ್ಟಗಲದ ಚೂರು, ದಿನಕ್ಕೆ ಇಷ್ಟು ಸಲ.’ ಓದಿ ನೋಡಿದರೆ ಔಷಧಿ ಚೀಟಿಯ ಹಾಗಿತ್ತು. ಮೂರನೇ ಸಲ ಎರಡನ್ನೂ ಬೆರೆಸಿದೆ. ಹುಡುಗಿ ಔಷಧಿ ಕುಡಿಯುತ್ತ ಕೂತುಬಿಟ್ಟಳು.

ಹೋಗಲಿ. ಶುರು ಇಲ್ಲದೆಯೇ ಶುರು ಮಾಡೋಣ. ಇಸವಿ ಎರಡು ಸಾವಿರದ ಏಳು, ಒಂದು ಸೋಮವಾರ. ರಾಮನಗರದಲ್ಲಿ ಮಕ್ಬೂಲ್ ಸಾಹೇಬರ ಕಂಪ್ಯೂಟರ್ ಅಂಗಡಿ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಪಕ್ಕದಲ್ಲಿ ಒಂದು ಡೆಸ್ಕ್‌ಟಾಪು. ಅವುಗಳ ಮುಂದೆ ಜ್ಯೋತಿಲಕ್ಷ್ಮಿ. ಅವಳ ಹಿಂದೆ ಅವಳಪ್ಪ ಹುಚ್ಚಯ್ಯ, ರೇಷ್ಮೆ ಗೂಡು ಮಾರಿದ ದುಡ್ಡಿನ ಮೇಲೆ ಕೈಯಿಟ್ಟುಕೊಂಡು.

೨

ಯಾಕೆ ಬಂದರು ಅಂದರೆ, ಚನ್ನಪಟ್ಟಣದಲ್ಲಿ ಬೊಂಬೆ ಕಾರ್ಖಾನೆ ಇಟ್ಟಿರುವ ಅನಂತರಾಜು ಒಂದು ಮಾತು ಹೇಳಿದ್ದ. ಹನ್ನೆರಡು ಬೊಂಬೆಗಳನ್ನು ಕಂಪ್ಯೂಟರಿನಲ್ಲಿ ಬರೆದು, ಸುತ್ತಲೂ ತಿರುಗುವ ಹಾಗೆ ಮಾಡಿ, ಶುಕ್ರವಾರ ಬೆಳಗ್ಗೆ ಎಂಟಕ್ಕೆ ಸಿ.ಡಿ.ಯಲ್ಲಿ ತಂದುಕೊಟ್ಟರೆ ಇನ್ನು ಮುಂದಿನ ಚಿತ್ರದ ಕೆಲಸವೆಲ್ಲ ಅವಳಿಗೇ. ಇಲ್ಲದಿದ್ದರೆ ಬೆಂಗಳೂರಿನವರಿಗೆ. ಆ ಕೆಲಸ ಸಿಗದಿದ್ದರೆ ಏನೆಂಬುದು ಜ್ಯೋತಿಲಕ್ಷ್ಮಿಗೆ ಗೊತ್ತಿತ್ತು: ಮುಂದಿನ ಸೋಮವಾರದಿಂದ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಡಬ್ಬಕ್ಕೆ ಟೇಪು ಅಂಟಿಸುವುದು. ಅದೂ ಕೆಲಸವೇ, ಬೇಡ ಅನ್ನುವ ಹಾಗಿಲ್ಲ. ಆದರೆ ಅವಳ ಕೈಗೆ ಗೆರೆ ಎಳೆಯುವುದು ಬರುತ್ತಿತ್ತು. ಟೇಪು ಯಾರಿಗೆ ಬೇಕಾದರೂ ಬರುತ್ತದೆ.

[ಇಲ್ಲಿ ಲ್ಯಾಪ್‌ಟಾಪಿನೊಳಗೆ ಲೆಕ್ಕ ಮಾಡುವ ಚೂರನ್ನು ಮೊಬೈಲ್ ಪ್ರೊಸೆಸರ್ ಅನ್ನುತ್ತಾರೆ. ಫೋನಿನದಲ್ಲ, ಎತ್ತಿಕೊಂಡು ತಿರುಗುವ ಕಂಪ್ಯೂಟರಿಗೆಂದು ಮಾಡಿದ್ದು. ಹುಚ್ಚಯ್ಯ ಲ್ಯಾಪ್‌ಟಾಪನ್ನೇ ತಿರುವಿ ಹಾಕಿ ‘ಎಲ್ಲಿಂದ ಮಾತಾಡೋದು?’ ಎಂದು ಕೇಳಿದ. ನಗಬೇಡಿ, ನಾನೂ ಮೊದಲು ಹಾಗೇ ತಿಳಿದಿದ್ದೆ.]

೨ (ಮತ್ತೆ, ಯಾಕೆಂದರೆ ಮೇಲಿನದು ಅರ್ಧಕ್ಕೇ ನಿಂತಿತು)

ಮಕ್ಬೂಲ್ ವ್ಯಾಪಾರಿಯಾದರೂ ಮರ್ಯಾದಸ್ತ. ಬಾಯಲ್ಲಿ ಹೊಗಳುವುದು ಬಿಟ್ಟು ಎರಡರಲ್ಲೂ ಒಂದೇ ಬೊಂಬೆಯ ಚಿತ್ರವನ್ನು ಹಾಕಿ, ಒಂದಿಷ್ಟು ತಿರುಗುವ ಹಾಗೆ ಮಾಡಲು ಬಿಟ್ಟ. ಡೆಸ್ಕ್‌ಟಾಪು ಆರು ನಿಮಿಷಕ್ಕೆ ಮುಗಿಸಿತು. ಲ್ಯಾಪ್‌ಟಾಪು ಏಳಕ್ಕೆ. ಒಂದೇ ನಿಮಿಷದ ವ್ಯತ್ಯಾಸ ಅಂದುಕೊಂಡಿರಾ? ಎರಡನೇ ಸಲ ಡೆಸ್ಕ್‌ಟಾಪು ಮತ್ತೆ ಆರು, ಲ್ಯಾಪ್‌ಟಾಪು ಒಂಬತ್ತು. ಮೂರನೇ ಸಲ ಆರು, ಹತ್ತು.

ಲ್ಯಾಪ್‌ಟಾಪಿಗೆ ಏನಾಯಿತೆಂದರೆ, ಬಿಸಿ ಏರಿತು. ಅಷ್ಟು ತೆಳುವಾದ ಪೆಟ್ಟಿಗೆಯಲ್ಲಿ ಗಾಳಿಗೆ ಜಾಗವೆಲ್ಲಿ? ಬಿಸಿ ಏರಿದ್ದು ತಿಳಿದು, ಯಾರೂ ಹೇಳದೆ, ತಾನೇ ವೇಗ ತಗ್ಗಿಸಿಕೊಂಡಿತು. ಜ್ಯೋತಿಲಕ್ಷ್ಮಿ ಅದರ ಹೊಟ್ಟೆಯಡಿ ಅಂಗೈ ಇಟ್ಟು ನೋಡಿ ಬೆರಗಾದಳು. ರೇಷ್ಮೆಯ ಹುಳಮನೆಯಲ್ಲಿ ಸೆಕೆಯಾದರೆ ಗೋಣಿ ನೆನೆಸಿ ಕಟ್ಟಬೇಕು; ಇದು ತನ್ನ ಸೆಕೆಯನ್ನು ತಾನೇ ನೋಡಿಕೊಳ್ಳುತ್ತದೆ. ಆ ಕಡೆ ಡೆಸ್ಕ್‌ಟಾಪು, ಬಾಗಿಲು ತೆಗೆದ ಮನೆಯ ಹಾಗೆ ದೊಡ್ಡ ಫ್ಯಾನು ತಿರುಗಿಸಿಕೊಂಡು, ಕೊನೆಯ ಹಂತದ ಹುಳ ಸೊಪ್ಪು ತಿನ್ನುವಾಗಿನ ಸದ್ದು ಮಾಡುತ್ತ, ಮೊದಲ ಸಲದ ಹುಮ್ಮಸ್ಸಿನಲ್ಲೇ ಮೂರನೇ ಸಲವೂ ದುಡಿಯಿತು. ಇದನ್ನು ಮೆಚ್ಚಲೋ ಅದನ್ನು ಮೆಚ್ಚಲೋ ತಿಳಿಯಲಿಲ್ಲ ಅವಳಿಗೆ. (ನನಗೂ.)

೩

[ಈ ಭಾಗದಲ್ಲಿ ಒಂದು ಪ್ರೇಮ ಪ್ರಸಂಗವಿತ್ತು. ಮಕ್ಬೂಲನ ಅಂಗಡಿಯಲ್ಲಿ ಅಶೋಕ್ ಎಂಬ ಚೆಂದದ ಹುಡುಗ. ಜ್ಯೋತಿಲಕ್ಷ್ಮಿ ನಾನು ಬರೆದದ್ದನ್ನು ಓದಿ, ಕಥೆ ಬರೆಯುವ ನನಗೇ ‘ಅಮ್ಮಾ, ಶುಕ್ರವಾರದೊಳಗೆ ಹನ್ನೆರಡು ಬೊಂಬೆ ತಿರುಗ್ಬೇಕು, ಇವನೆಲ್ಲಿ ಬಂದ?’ ಎಂದಳು. ಹೊಡೆದುಹಾಕಿದೆ.]

೪

ಎಡವಟ್ಟಾದದ್ದು ಒಂದು ಮಾತಿನಿಂದ. ಮಕ್ಬೂಲ್ ಸಲೀಸಾಗಿ ಹೇಳಿದ:

“ತಾಕತ್ತಲ್ಲಿ ಕಮ್ಮಿ ಯಾವ್ದೂ ಇಲ್ಲ ಯಜಮಾನ್ರೆ. ಇದ್ರಲ್ಲೂ ಎರಡು ಕೋರು, ಅದ್ರಲ್ಲೂ ಎರಡು ಕೋರು.”

ಹುಚ್ಚಯ್ಯನ ಕೈ ಜೇಬಿನಿಂದ ಬರಿದಾಗಿ ಹೊರಬಂತು. ಟವೆಲ್ಲು ಕೊಡವಿ ಎದ್ದು ನಿಂತ.

“ಕೋರಿನ ಸವಾಸ ನಮ್ಗೆ ಬ್ಯಾಡ ಸಾಬ್ರೆ. ನಮ್ಮಪ್ಪ ಸಾಯೋಗಂಟ ಕೋರಿಗೆ ಉತ್ತ. ನನ್ ಮಗಳೂ ದುಡಿದು ಅರ್ಧ ಅಳ್ದು ಕೊಡ್ಬೇಕಾ?”

ಎಂದವನೇ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಪೇಟೆಯಲ್ಲಿ ಹುಟ್ಟಿದ ಮಕ್ಬೂಲ್, ಇದು ಚೌಕಾಸಿಯ ಹೊಸ ವರಸೆಯಿರಬೇಕೆಂದು ಐನೂರು ಇಳಿಸುತ್ತೇನೆಂದ. ಜ್ಯೋತಿಲಕ್ಷ್ಮಿಗೆ ಮಾತ್ರ ಅರ್ಥವಾಯಿತು. ನಮ್ಮ ಕಡೆ ಕೋರು ಎಂದರೆ ಪಾಲಿನ ಬೇಸಾಯ. ಹೊಲ ಒಬ್ಬರದು, ಬೆವರು ಇನ್ನೊಬ್ಬರದು, ಸುಗ್ಗಿಯಲ್ಲಿ ರಾಶಿ ಎರಡು ಭಾಗ. ಅವಳಜ್ಜ ಅಳೆದುಕೊಟ್ಟು ಬರಿಗೈ ಕೊಡವಿಕೊಂಡು ಬರುತ್ತಿದ್ದುದನ್ನು ಹುಚ್ಚಯ್ಯ ಕಣದ ಬದುವಿನ ಮೇಲೆ ಕೂತು ನೋಡಿದವನು. ಈಗ ಸ್ವಂತ ಎರಡೆಕರೆ ಹಿಪ್ಪುನೇರಳೆ ಇದ್ದರೂ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಅವಳು ಓಡಿಹೋಗಿ ರಸ್ತೆಯಲ್ಲೇ ಅಡ್ಡ ನಿಂತಳು.

“ಅಪ್ಪಾ, ಆ ಕೋರಲ್ಲ ಇದು. ಒಂದೇ ಹೊಲಕ್ಕೆ ಎರಡು ನೇಗ್ಲು ಹೂಡ್ದಂಗೆ ಅಂದ್ಕೋ. ಬೆಳೆಯೆಲ್ಲ ನಮ್ದೇಯ.”

“ಎತ್ತು ಯಾರವು?”

“ನಮ್ಮವೇ.”

“ಮೇವು?”

“ಕರೆಂಟು.”

ಹುಚ್ಚಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಆಮೇಲೆ ತಿರುಗಿ ಅಂಗಡಿಗೆ ಬಂದು ಕೇಳಿದ ಪ್ರಶ್ನೆ ಕೇಳಿ ಮಕ್ಬೂಲ್ ಸ್ಟೂಲು ಬಿಟ್ಟು ಎದ್ದ. ಇಷ್ಟು ವರ್ಷದಲ್ಲಿ ಯಾವ ಇಂಜಿನಿಯರೂ ಮೊದಲಿಗೇ ಇದನ್ನು ಕೇಳಿರಲಿಲ್ಲವಂತೆ.

“ಯಾವುದ್ರ ಎತ್ತು ಎಷ್ಟು ತಿಂತವೆ?”

ಮೊಬೈಲ್ ಪ್ರೊಸೆಸರಿಗೆ ಮೂವತ್ತೈದು ವ್ಯಾಟು. ಡೆಸ್ಕ್‌ಟಾಪಿನದಕ್ಕೆ ಅರವತ್ತೈದು. ಬೆಲೆ ಕೇಳಿದರೆ ತಲೆಕೆಳಗು: ಕಡಿಮೆ ತಿನ್ನುವ ಲ್ಯಾಪ್‌ಟಾಪಿಗೆ ಹೆಚ್ಚುಕಡಿಮೆ ಎರಡರಷ್ಟು. ಅಷ್ಟು ಚಿಕ್ಕದರಲ್ಲಿ ಅಷ್ಟು ಸಂಯಮ ತುಂಬಿಸುವುದಕ್ಕೇ ಆ ದುಡ್ಡು ಎಂದ ಮಕ್ಬೂಲ್. ಹುಚ್ಚಯ್ಯ ತಲೆದೂಗಿದ. ಮಿತವಾಗಿ ತಿಂದು ಮೈಬಗ್ಗಿಸಿ ದುಡಿಯುವ ಎತ್ತಿಗೆ ಜಾತ್ರೆಯಲ್ಲೂ ಬೆಲೆ ಜಾಸ್ತಿಯೇ.

೫

ಇಲ್ಲಿ ನನಗೂ ಅವಳಿಗೂ ಜಗಳ.

ನಾನು ಲ್ಯಾಪ್‌ಟಾಪು ಕೊಡಿಸಲು ತೀರ್ಮಾನಿಸಿದ್ದೆ. ಬಗಲಲ್ಲಿ ಇಟ್ಟುಕೊಂಡು ಅಕ್ಕೂರಿನ ಬಸ್ಸು ಹತ್ತುವ ಹುಡುಗಿ, ಎಷ್ಟು ಚೆಂದದ ಚಿತ್ರ. ಅಪ್ಪನೂ ಒಪ್ಪಿದ್ದ. ಕರೆಂಟು ಹೋದರೂ ಒಂದೂವರೆ ಗಂಟೆ ಬ್ಯಾಟರಿಯಲ್ಲಿ ಓಡುತ್ತದೆ. ಆದರೆ ಜ್ಯೋತಿಲಕ್ಷ್ಮಿ ನನ್ನ ಹಾಳೆಯ ಅಂಚಿನಲ್ಲೇ ಲೆಕ್ಕ ಹಾಕಿದಳು. ಆ ವಾರ ಅಕ್ಕೂರಿಗೆ ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ಗಟ್ಟಿ ಕರೆಂಟು. ಆಮೇಲೆ ಬಂದರೆ ಬಂತು. ಗೆರೆಯ ಕೆಲಸ ಕಂಪ್ಯೂಟರ್ ಕ್ಲಾಸಿನಲ್ಲೇ ಮುಗಿದಿತ್ತು; ಒಂದು ಬೊಂಬೆ ಪೂರ್ತಿ ತಿರುಗುವ ಚಿತ್ರ ಕೂಡಿಸಲು ಡೆಸ್ಕ್‌ಟಾಪಿಗೆ ಒಂದೂವರೆ ಗಂಟೆ. ಆರು ಗಂಟೆಗೆ ನಾಲ್ಕು, ಮಂಗಳ ಬುಧ ಗುರುವಾರಕ್ಕೆ ಹನ್ನೆರಡು. ಲ್ಯಾಪ್‌ಟಾಪಿಗೆ ಬಿಸಿಯೇರಿದ ಮೇಲೆ ಎರಡೂವರೆ. ಬ್ಯಾಟರಿ ಸೇರಿಸಿದರೂ ದಿನಕ್ಕೆ ಮೂರು, ಒಟ್ಟು ಒಂಬತ್ತು.

“ಹನ್ನೆರಡು ಕೇಳವ್ರೆ ಅಮ್ಮಾ. ಚೆಂದ ಕೇಳಿಲ್ಲ.”

ಸೋತೆ. ಡೆಸ್ಕ್‌ಟಾಪು ಟೆಂಪೋದಲ್ಲಿ ಅಕ್ಕೂರಿಗೆ ಹೋಯಿತು. ಮಾನಿಟರು ಹುಚ್ಚಯ್ಯನ ತೊಡೆಯ ಮೇಲೆ. ಉಳಿದ ದುಡ್ಡಿನಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆ ಹೊಸದಾಗಿ ಹಾಕಿಸಬಹುದೆಂದು ಅವನೂ ಸಮಾಧಾನಗೊಂಡ.

[ಯು.ಪಿ.ಎಸ್. ತೆಗೆದುಕೊಳ್ಳಬಹುದಿತ್ತಲ್ಲ ಎಂದು ಕೇಳುವವರು ಇರುತ್ತೀರಿ. ಮಕ್ಬೂಲನಲ್ಲಿ ಆ ದಿನ ಇರಲಿಲ್ಲ. ಇದ್ದಿದ್ದರೆ ಮುಂದಿನ ಭಾಗ ನನಗೆ ಸಿಗುತ್ತಿರಲಿಲ್ಲ.]

೬

ಒಪ್ಪಿಕೊಳ್ಳುತ್ತೇನೆ. ಬುಧವಾರ ಹನ್ನೊಂದೂ ಮುಕ್ಕಾಲಿಗೆ ಕರೆಂಟು ತೆಗೆದವಳು ನಾನೇ.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಮಂಗಳವಾರ ನಾಲ್ಕು, ಬುಧವಾರ ಮೂರು ಮುಗಿದು ನಾಲ್ಕನೆಯದು ಮುಗಿಯಲು ಕಾಲು ಗಂಟೆ. ಕಥೆಯಲ್ಲಿ ಒಸಿ ತಿರುವು ಇರಲಿ ಎಂದು ಒಂದು ಸಾಲು ಬರೆದೆ: ‘ಲೈನ್‌ಮನ್ ಚಲುವಯ್ಯ ಕಂಬ ಹತ್ತಿದ.’ ಕರೆಂಟು ಹೋದದ್ದು ಐದೇ ನಿಮಿಷ. ಫ್ಯಾನಿನ ಸದ್ದು ನಿಂತಿತು. ಪರದೆ ಕಪ್ಪಾಯಿತು. ಆ ಬೊಂಬೆ ಹೋಯಿತು, ಮತ್ತೆ ಮೊದಲಿನಿಂದ ಮಾಡಬೇಕು.

ಜ್ಯೋತಿಲಕ್ಷ್ಮಿ ಬೈಯಲಿಲ್ಲ. ಗುರುವಾರ ಉಳಿದ ಐದರಲ್ಲಿ ನಾಲ್ಕನ್ನು ಮುಗಿಸಿದಳು. ಹನ್ನೊಂದಾಯಿತು. ನನಗೆ ನಾಚಿಕೆಯಾಗಿ, ಹೊಡೆದುಹಾಕುತ್ತೇನೆ ಕಣೇ, ಚಲುವಯ್ಯನನ್ನು ಕಂಬದಿಂದ ಇಳಿಸುತ್ತೇನೆ ಎಂದೆ. ಇಲ್ಲವೇ ಗುರುವಾರ ಒಂದೂವರೆವರೆಗೂ ಕರೆಂಟು ಇತ್ತು ಎಂದು ಬರೆಯುತ್ತೇನೆ. ಅದೂ ಬೇಡವಾದರೆ ಮಕ್ಬೂಲನೇ ಆ ಲ್ಯಾಪ್‌ಟಾಪು ಹಿಡಿದುಕೊಂಡು ಬರಲಿ, ಹನ್ನೆರಡನೆಯದನ್ನು ಕರೆಂಟಿರುವಾಗಲೇ ಅದರಲ್ಲಿ ಶುರು ಮಾಡಿ ಬ್ಯಾಟರಿಯಲ್ಲಿ ಮುಗಿಸು. ಮೂರು ಮುಕ್ತಾಯ ಅವಳ ಮುಂದೆ ಹರಡಿದೆ.

“ಎತ್ತು ಮಾಡ್ಬೇಕಾದ್ದು ಮಾಡೈತೆ ಅಮ್ಮಾ,” ಅಂದಳು, ಡೆಸ್ಕ್‌ಟಾಪಿನ ನೆತ್ತಿ ಒರೆಸುತ್ತ. “ಆ ಲ್ಯಾಪ್‌ಟಾಪಾಗಿದ್ರೆ ಒಂಬತ್ತು ಆಗ್ತಿತ್ತು. ಹನ್ನೊಂದು ಕೊಟ್ಟು ಬತ್ತೀನಿ. ನೀವು ಸುಳ್ಳು ಬರೀಬ್ಯಾಡಿ.”

೭

ಶುಕ್ರವಾರ ಬೆಳಗ್ಗೆ ಎಂಟು, ಚನ್ನಪಟ್ಟಣ. ಅನಂತರಾಜುವಿನ ಮೇಜು. ಬೊಂಬೆಗೆ ಬಳಿಯುವ ಅರಗಿನ ವಾಸನೆ. ಅವನು ಸಿ.ಡಿ. ಹಾಕಿದ. ಹನ್ನೊಂದೇ ಇವೆ, ಹನ್ನೆರಡನೆಯದು ಕರೆಂಟು ಹೋಗಿ ನಿಂತುಹೋಯಿತು, ನಾಳೆ ಹತ್ತಕ್ಕೆ ತರುತ್ತೇನೆ ಎಂದು ಅವಳು ಮೊದಲೇ ಹೇಳಿಬಿಟ್ಟಳು. ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಒಂದೊಂದಾಗಿ ನೋಡತೊಡಗಿದ.

ಅವನ ಉತ್ತರವನ್ನು ನಾಲ್ಕು ಥರ ಬರೆದೆ. ‘ನಾಳೆ ತಾರಮ್ಮ.’ ‘ಮಾತು ಅಂದ್ರೆ ಮಾತು.’ ಇನ್ನೆರಡು ಹೇಳಲು ನಾಚಿಕೆ. ಯಾವುದನ್ನು ಅವನ ಬಾಯಿಗೆ ಇಟ್ಟರೂ ಜ್ಯೋತಿಲಕ್ಷ್ಮಿ ನನ್ನ ಕಡೆ ಒಂದು ನೋಟ ಬೀರಿದಳು. ಮೂರು ದಿನ ಆ ಪುಟ್ಟ ಚೂರು ಒಂದೇ ಸಮನೆ ದುಡಿದದ್ದನ್ನು ನೋಡಿದವಳು ಅವಳು. ಕೆಲಸ ನಡೆಯುತ್ತಿರುವಾಗ ಮಧ್ಯೆ ಕೈ ಹಾಕಬಾರದೆಂದು ಆ ಪೆಟ್ಟಿಗೆಗೂ ಗೊತ್ತು, ಅವಳಿಗೂ ಗೊತ್ತು. ಕಲಿಯದೆ ಉಳಿದವಳು ನಾನೊಬ್ಬಳೇ.

“ಅವ್ರು ನೋಡ್ತಾವ್ರೆ,” ಎಂದಳು ಮೆಲ್ಲಗೆ. “ನೀವು ಆಚೆ ಹೋಗಿ ಅಮ್ಮಾ.”

ಅನಂತರಾಜು ಒಂಬತ್ತನೆಯ ಬೊಂಬೆಗೆ ಬಂದ. ಅದು ಒಂದು ಸುತ್ತು ತಿರುಗಿ ನಿಂತಿತು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಅದನ್ನೇ ಮತ್ತೆ ಮೊದಲಿನಿಂದ ಹಾಕಿದ.

ನಾನು ಬಾಗಿಲಿಗೆ ಬಂದು ಚಪ್ಪಲಿ ಹುಡುಕತೊಡಗಿದೆ.