ಮೂರನೇ ನಂಬರಿನ ದಾರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಹದಿನೈದು ವರ್ಷ ಅರಣ್ಯ ಇಲಾಖೆಯಲ್ಲಿ ಕಾಲುದಾರಿ ಅಳೆದವನ ಬರಹವನ್ನು, ಮನೆಯ ಗೇಟು ದಾಟದ ತಂಗಿ ಕೂತಲ್ಲೇ ತಪ್ಪು ಅಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಒಂದು ದಿನದಲ್ಲಿ ಹೋಗಿ ಬರುವ ಚಾರಣಗಳ ಬಗ್ಗೆ ನಾನು ಇಲಾಖೆಗೆ ಬರೆದ ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಕರಡು ತಿದ್ದಲು ತಂಗಿಗೆ ಕೊಟ್ಟಿದ್ದೆ, ಅವಳು ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದವಳು. ಎರಡು ವರ್ಷದ ಹಿಂದೆ ಅಪಘಾತದಲ್ಲಿ ಎಡಮಂಡಿ ಪುಡಿಯಾಯಿತು. ಊರುಗೋಲು ಹಿಡಿದಳು, ಕೆಲಸ ಬಿಟ್ಟಳು, ಹೊರಗೆ ಹೋಗುವುದನ್ನೂ ಬಿಟ್ಟಳು. ನಡೆದಷ್ಟೂ ಒಳ್ಳೆಯದು ಅಂತ ಡಾಕ್ಟರು ಬಾಯಿ ಬಡಿದುಕೊಂಡರೂ ಕೇಳಲಿಲ್ಲ.

"'ಮೂರನೇ ದಾರಿ. ನಲವತ್ತು ನಿಮಿಷ. ಎಲ್ಲರೂ ಆರಾಮವಾಗಿ ನಡೆಯಬಹುದು,'" ಅವಳು ಓದಿದಳು. "ಎಲ್ಲರೂ ಅಂದ್ರೆ? ನಾನೂ ಸೇರಿನಾ?"

"ಸೇರಿನೇ! ಬಂದು ನೋಡು, ಆಮೇಲೆ ಮಾತಾಡು."

ಬಾಯಿ ಜಾರಿತ್ತು. ಅವಳು ಪೆನ್ನಿನ ಕ್ಯಾಪು ಮುಚ್ಚಿ, "ನಾಳೆ ಬೆಳಿಗ್ಗೆನೇ ಹೋಗೋಣ," ಅಂದಳು. ನನಗೆ ಖುಷಿಯಾಯಿತು, ಹಿಂದೆಯೇ ಎದೆ ಧಸಕ್ಕೆಂದಿತು. ಅರ್ಧದಾರಿಯಿಂದ ವಾಪಸು ಬಂದರೆ ಇವಳು ಮತ್ತೆ ಈ ಜನ್ಮದಲ್ಲಿ ಗೇಟು ದಾಟುವವಳಲ್ಲ.

ಭಾನುವಾರ ಇಲಾಖೆಯ ಜೀಪು ಸಿಗುವುದಿಲ್ಲ. ಬಸ್ಸಿನಲ್ಲಿ ಹೋಗಿ ಬೆಟ್ಟದ ಬುಡದಲ್ಲಿ ಇಳಿದು ಹತ್ತತೊಡಗಿದೆವು. ಕಾಲು ಗಂಟೆಯಲ್ಲೇ ನನಗೆ ಏದುಸಿರು. ದಾರಿಯ ತುಂಬ ಮರದ ಬೇರುಗಳು.

"ಅಣ್ಣ, ನಿಜ ಹೇಳು. ಈ ದಾರೀನ ನೀನು ಯಾವತ್ತಾದ್ರೂ ಹತ್ತಿದ್ದೀಯಾ?"

ಕೊನೆಗೆ ಇದ್ದದ್ದನ್ನು ಹೇಳಬೇಕಾಯಿತು. ಜೀಪು ನನ್ನನ್ನು ಮೇಲೆ ಬಿಡುತ್ತಿತ್ತು. ಅಳತೆಯ ಚಕ್ರ ತಳ್ಳಿಕೊಂಡು ನಾನು ಇಳಿಯುತ್ತಿದ್ದೆ, ಕೆಳಗೆ ಡ್ರೈವರು ಕಾಯುತ್ತಿದ್ದ. ಹದಿನೈದು ವರ್ಷ ಹೀಗೆಯೇ. ಪುಸ್ತಕದ ಹನ್ನೆರಡು ದಾರಿಗಳನ್ನೂ ನಾನು ಇಳಿದಿದ್ದೆ. ಜನ ಮಾತ್ರ ಪಾಪ, ಬಸ್ಸಿಳಿದು ಹತ್ತುತ್ತಿದ್ದರು.

ವಿಷಯ ತಿಳಿದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಮುಂದಿನ ತಿರುವಿನಲ್ಲಿ ಮಂಡಿಯೆತ್ತರದ ಬೇರೊಂದು ಅಡ್ಡ ಬಂತು. ಮೂರು ಸಲ ಪ್ರಯತ್ನಿಸಿದಳು, ಆಗಲಿಲ್ಲ.

"ನನ್ನ ಬೆನ್ನ ಮೇಲೆ ಹತ್ಕೋ."

"ನಾನೇನು ಮೂಟೆನಾ?" ಅಂದವಳು ಕಲ್ಲಿನ ಮೇಲೆ ಕುಸಿದಳು. "ಮನೆಗೆ ಹೋಗೋಣ ಅಣ್ಣ. ನನ್ನ ಕೈಲಾಗಲ್ಲ."

ಪಕ್ಕದಲ್ಲಿ ಕೂತೆ. "ನಿನ್ನ ಕೈಲಾಗಲ್ಲ ಅಂತಲ್ಲ ಕಣೇ. ನಾನು ಬರೆದಿದ್ದೇ ತಪ್ಪು," ಅಂದೆ. ಯಾರೆದುರೂ ಸುಲಭಕ್ಕೆ ತಪ್ಪೊಪ್ಪಿಕೊಳ್ಳುವವನಲ್ಲ ನಾನು. ಅವಳು ಎಡಗಡೆಯ ಪೊದೆಗಳನ್ನೇ ನೋಡುತ್ತಿದ್ದಳು.

"ಅದೇನು, ದಾರಿನಾ?"

ಎದ್ದು ಹೋಗಿ ಪೊದೆ ಸರಿಸಿದೆ. ಹಿಂದಿನವರು ಮರದ ದಿಮ್ಮಿ ಎಳೆಯುತ್ತಿದ್ದ ಹಳೆಯ ದಾರಿ! ಗಾಡಿಯಗಲ, ಬೆಟ್ಟದ ಪಕ್ಕೆಗೆ ಅಂಟಿಕೊಂಡು ಹೆಚ್ಚೂಕಡಿಮೆ ಮಟ್ಟಸವಾಗಿ ಹೋಗಿತ್ತು. ಇಳಿಯುವಾಗ ನನ್ನ ಕಣ್ಣೆಲ್ಲ ಕಾಲಿನ ಮೇಲೇ ಇರುತ್ತಿದ್ದದ್ದರಿಂದ ಇಷ್ಟು ವರ್ಷ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಅವಳು ಊರುಗೋಲು ಊರಿ ಎದ್ದಳು. ನಿಧಾನವಾಗಿ ಹೋದೆವು. ಅವಳು ಕೂತಲ್ಲೆಲ್ಲ ನಾನೂ ಕೂತು, ಇಲ್ಲೊಂದು ಬೆಂಚು ಬೇಕು ಅಂತ ಬರೆದುಕೊಂಡೆ. ಐದು ಬೆಂಚುಗಳಾದವು. ಎರಡು ಗಂಟೆ ಹೊತ್ತು ನಡೆದ ಮೇಲೆ ಮರಗಳು ಸರಿದು ಬಯಲಾಯಿತು. ಬೆಟ್ಟದ ಹಿಂದೆ ಬೆಟ್ಟ, ಕಣಿವೆ ತುಂಬ ಕಾಡು, ತಳದಲ್ಲಿ ಹೊಳೆ.

ಅವಳು ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ಬೆಟ್ಟಗಳಿಗೆ ಬೆನ್ನು ಹಾಕಿ, ಬಂದ ದಾರಿಯನ್ನೇ ನೋಡುತ್ತ ನಿಂತಳು. ಅದು ಮರಗಳ ನಡುವೆ ದೂರದ ತಿರುವಿನವರೆಗೂ ಕಾಣುತ್ತಿತ್ತು.

"ಅಣ್ಣ, ಅಷ್ಟು ದೂರಾನೂ ನಾನೇ ನಡೆದಿದ್ದಾ?"

"ಹೂಂ ಕಣೇ. ನೀನೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಅಚ್ಚಿಗೆ ಕೊಡಬೇಡ. ಉಳಿದ ಹನ್ನೊಂದು ದಾರೀನೂ ಕೆಳಗಿಂದ ಹತ್ತಿ ನೋಡಬೇಕು."

"ಯಾರು ಹತ್ತೋದು?"

"ಇನ್ಯಾರು? ನಾವು."

ಪುಸ್ತಕ ತಡವಾದರೆ ಸಾಹೇಬರು ನನ್ನನ್ನೇ ಬೈಯುವುದು. ಬೈದುಕೊಳ್ಳಲಿ ಬಿಡಿ.